ಬರೆಯದೆ ಉಳಿದ ವಲಸೆ

ಮದರಾಸಿನ ಎಗ್ಮೋರ್ ರೈಲು ನಿಲ್ದಾಣವನ್ನು ಕಟ್ಟಿದ ಗುತ್ತಿಗೆದಾರರು ನಮ್ಮ ಬೆಂಗಳೂರಿನವರು, ಸಾಮಿನಾಥ ಪಿಳ್ಳೆ ಎಂಬ ಹೆಸರಿನವರು ಎಂಬುದು ಆ ಗುಮ್ಮಟಗಳ ಕೆಳಗೆ ಗಾಡಿಗಾಗಿ ಕಾದು ಕುಳಿತ ಕನ್ನಡಿಗರಲ್ಲಿ ಬಹುಮಂದಿಗೆ ತಿಳಿಯದ ಸಂಗತಿ. 1905ರಲ್ಲಿ ಆರಂಭವಾದ ಕೆಲಸ ಮೂರು ವರ್ಷಕ್ಕೆ ಮುಗಿದು, 1908ರ ಜೂನ್ 11ರಂದು ನಿಲ್ದಾಣ ತೆರೆಯಿತು. ಇಲ್ಲಿಂದ ಹೊರಟ ಮೀಟರ್‌ಗೇಜ್ ಹಳಿಗಳು ತಿರುಚಿನಾಪಳ್ಳಿ, ಮಧುರೆಗಳ ಕಡೆಗೆ ಸಾಗಿ, ಕೆಲವು ವರ್ಷಗಳಲ್ಲಿ ಧನುಷ್ಕೋಟಿಯ ಮರಳನ್ನೂ ಮುಟ್ಟಿದುವು. ಸಿಂಹಳಕ್ಕೆ ಹೋಗುವವರು ಬೋಟ್ ಮೇಲ್ ಹತ್ತುತ್ತಿದ್ದುದು ಇಲ್ಲಿಯೇ. ಆ ಕಟ್ಟಡದಲ್ಲಿ ನನಗೆ ಎಂದಿನಿಂದಲೂ ಮೆಚ್ಚುಗೆಯಾದ ಒಂದು ಏರ್ಪಾಡುಂಟು. ವಾಹನವು ಹೊರಗಣ ರಸ್ತೆಯಿಂದ ನೆಟ್ಟಗೆ ಒಳಹೊಕ್ಕು ಪ್ಲಾಟ್‌ಫಾರಮಿನ ಅಂಚಿನವರೆಗೆ ಬರುವಂತೆ ಅದನ್ನು ಕಟ್ಟಿದವರು ದಾರಿ ಬಿಟ್ಟಿದ್ದರು; ಮುದುಕರು, ರೋಗಿಗಳು, ಬಸುರಿಯರು ಗಾಡಿಯಿಂದಿಳಿದು ನಾಲ್ಕು ಹೆಜ್ಜೆ ಇಟ್ಟರೆ ರೈಲು ಸಿಕ್ಕುತ್ತಿತ್ತು. ಪ್ರಯಾಣಿಕನ ಕಾಲಿನ ದಣಿವನ್ನು ಮುಂದಾಗಿ ನೆನೆದು ಕಟ್ಟಿದ ಮನೆ ಅದು. ಅಂತಹ ನಿಲ್ದಾಣವಿದ್ದ ಊರು, ಅದು ತೆರೆದ ಮೂವತ್ತನಾಲ್ಕು ವರ್ಷಗಳೊಳಗೆ ಎರಡು ಬಾರಿ ಪ್ರಾಣಭಯದಿಂದ ಮೂಟೆ ಕಟ್ಟಿಕೊಂಡು ರೈಲಿಗೆ ಓಡಿಬಂದಿತು. ಆ ಎರಡು ಓಟಗಳ ವಿಚಾರವಾಗಿಯೂ, ಅವು ಬರೆಹಗಾರನೊಬ್ಬನ ಕೈಗೆ ಸಿಕ್ಕದೆ ಹೋದುದರ ವಿಚಾರವಾಗಿಯೂ ನಾಲ್ಕು ಮಾತು ಬರೆಯಬೇಕೆಂಬ ಆಸೆ ನನ್ನಲ್ಲಿ ಹುಟ್ಟಿದುದು ಆ ನಿಲ್ದಾಣದಿಂದ ಕಾಲ್ನಡಿಗೆಯ ದೂರದಲ್ಲಿರುವ ಕನ್ನೆಮರ ಗ್ರಂಥಾಲಯದಲ್ಲಿ, ಬಹು ದೂರದ ಇನ್ನೊಂದು ಊರಿನ ವಿಪತ್ತನ್ನು ಕುರಿತ ಸಣ್ಣ ಪುಸ್ತಕವೊಂದನ್ನು ಓದುತ್ತ ಕುಳಿತಿದ್ದಾಗ.

ಮೊದಲನೆಯ ಓಟ 1914ರದು. ಆ ವರ್ಷದ ಸೆಪ್ಟೆಂಬರ್ 22ರ ರಾತ್ರಿ ಒಂಬತ್ತೂವರೆಯ ಸುಮಾರಿಗೆ, ಊರಿನ ದೀಪಗಳೆಲ್ಲ ಎಂದಿನಂತೆ ಉರಿಯುತ್ತಿದ್ದಾಗ, ಎಮ್ಡನ್ ಎಂಬ ಜರ್ಮನ್ ಯುದ್ಧನೌಕೆ ಕತ್ತಲೆಯಲ್ಲಿ ಬಂದರಿನ ಸಮೀಪಕ್ಕೆ ಸರಿದು ಬಂದು, ನೂರಕ್ಕೂ ಮೇಲ್ಪಟ್ಟು ಗುಂಡುಗಳನ್ನು ಹಾರಿಸಿ, ಬರ್ಮಾ ಆಯಿಲ್ ಕಂಪನಿಯ ಎಣ್ಣೆಯ ತೊಟ್ಟಿಗಳಿಗೆ ಬೆಂಕಿಯಿಟ್ಟು, ಕೋಟೆಯ ಕಡೆಯ ಫಿರಂಗಿಗಳು ಎಚ್ಚತ್ತು ಗುರಿ ಹಿಡಿಯುವಷ್ಟರಲ್ಲಿ ಹಿಂದಿರುಗಿ ಕಣ್ಮರೆಯಾಯಿತು. ಎಲ್ಲವೂ ಅರ್ಧ ಗಂಟೆಯೊಳಗಿನ ಮಾತು. ಕಾರ್ಲ್ ಫಾನ್ ಮುಲ್ಲರ್ ಎಂಬ ಅದರ ಕಪ್ತಾನನು ಊರಿನ ಮನೆಮಠಗಳ ಮೇಲೆ ಗುರಿಯಿಟ್ಟವನಲ್ಲ. ಸತ್ತವರ ಸಂಖ್ಯೆ ಆ ಯುದ್ಧದ ಲೆಕ್ಕದಲ್ಲಿ ಅತ್ಯಲ್ಪ. ಆದರೂ ಆಕಾಶದಲ್ಲಿ ಎಣ್ಣೆಯ ಉರಿಯನ್ನು ಕಂಡ ಜನ, ಇಂಗ್ಲಿಷರ ಕಡಲು ಇನ್ನು ಇಂಗ್ಲಿಷರದಾಗಿ ಉಳಿದಿಲ್ಲವೆಂದು ತಮ್ಮಷ್ಟಕ್ಕೆ ನಿಶ್ಚಯಿಸಿಕೊಂಡು, ಮರುದಿನದಿಂದ ಸಹಸ್ರ ಸಹಸ್ರವಾಗಿ ಊರು ಬಿಡತೊಡಗಿದರು. ನವೆಂಬರ್ 9ರಂದು ಆಸ್ಟ್ರೇಲಿಯದ ಸಿಡ್ನಿ ಎಂಬ ನೌಕೆ ಕೋಕೋಸ್ ದ್ವೀಪಗಳ ಬಳಿ ಎಮ್ಡನ್ನನ್ನು ನಾಶಮಾಡಿತು. ಹಡಗು ಹೋಯಿತು, ಹೆಸರು ಉಳಿಯಿತು: ತಮಿಳಿನಲ್ಲಿ ಎಮ್ಡನ್ ಎಂದರೆ ಈ ಹೊತ್ತಿಗೂ ಗಟ್ಟಿಗ, ಚಾಣಾಕ್ಷ, ಕೈಗೆ ಸಿಕ್ಕದ ಆಸಾಮಿ. ಜನ ತಮ್ಮ ಭಯವನ್ನು ಮರೆತು ಭಯಪಡಿಸಿದವನ ಜಾಣ್ಮೆಯನ್ನು ನೆನಪಿನಲ್ಲಿಟ್ಟುಕೊಂಡರು.

ಎರಡನೆಯ ಓಟ ಹೆಚ್ಚು ದೊಡ್ಡದು, ಹೆಚ್ಚು ದುಃಖದ್ದು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈಗೆ ಬಿದ್ದಿತು. ಮಾರ್ಚ್ 8ರಂದು ರಂಗೂನು ಹೋಯಿತು. ಬರ್ಮೆಯಲ್ಲಿದ್ದ ನಮ್ಮ ಜನ, ಲಕ್ಷಗಟ್ಟಲೆ ಮಂದಿ, ಹಡಗು ಸಿಕ್ಕಿದವರು ಹಡಗಿನಲ್ಲಿಯೂ ಸಿಕ್ಕದವರು ಅರಾಕಾನಿನ ಮತ್ತು ಅಸ್ಸಾಮಿನ ಕಾಡುಬೆಟ್ಟಗಳ ಮೂಲಕ ಕಾಲ್ನಡಿಗೆಯಲ್ಲಿಯೂ ಹೊರಟರು. ದಾರಿಯಲ್ಲಿಯೇ ಬಿದ್ದವರು ಸಾವಿರಾರು. ಬದುಕಿ ಬಂದವರ ಮುಖವನ್ನು ಮದರಾಸು ಕಂಡಿತು. ಅವರು ಹೇಳಿದ ಕಥೆಗಳನ್ನು ಕೇಳಿತು. ಏಪ್ರಿಲ್ 5ರಂದು ಕೊಲಂಬೊ ಮೇಲೆ, ಮರುದಿನ ನಮ್ಮ ಕರಾವಳಿಯ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ, 9ರಂದು ತ್ರಿಂಕೋಮಲಿಯ ಮೇಲೆ ಜಪಾನೀ ವಿಮಾನಗಳು ಬಾಂಬು ಸುರಿದುವು. ಅವಶ್ಯವಾದ ಕೆಲಸವಿಲ್ಲದವರೆಲ್ಲ ಊರು ಬಿಟ್ಟು ಹೋಗುವುದು ಮೇಲೆಂದು ಸರ್ಕಾರವೇ ಹೇಳಿತು. ತನ್ನ ಕಚೇರಿಗಳನ್ನೂ ದಫ್ತರಗಳನ್ನೂ ಒಳನಾಡಿನ ಊರುಗಳಿಗೆ ಸಾಗಿಸಿತು. ಪೀಪಲ್ಸ್ ಪಾರ್ಕಿನ ಮೃಗಾಲಯದಲ್ಲಿದ್ದ ಸಿಂಹ, ಹುಲಿ ಮೊದಲಾದ ಕ್ರೂರಮೃಗಗಳನ್ನು, ಬಾಂಬು ಬಿದ್ದು ಪಂಜರ ಒಡೆದರೆ ಅವು ಬೀದಿಗೆ ಬಂದಾವೆಂದು, ಪೊಲೀಸರಿಂದ ಗುಂಡಿಕ್ಕಿ ಕೊಲ್ಲಿಸಲಾಯಿತು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಮದರಾಸಿಗೆ ಸೇರಿದ್ದ ಜಿಲ್ಲೆಗಳಾಗಿದ್ದುದರಿಂದ, ಓದಲು ಬಂದವರು, ಗುಮಾಸ್ತರು, ವಕೀಲರು, ಹೋಟೆಲಿನವರು ಎಂದು ಕನ್ನಡದ ಜನವೂ ಆ ಊರಿನಲ್ಲಿ ಕಡಮೆಯಿರಲಿಲ್ಲ; ಅವರು ಸೆಂಟ್ರಲ್ ನಿಲ್ದಾಣದ ಕಡೆಗೆ ಹೋದರು, ತಂಜಾವೂರು ಮಧುರೆಗಳವರು ಎಗ್ಮೋರಿಗೆ ಬಂದರು. ಎದುರುನೋಡಿದ ಸೇನೆ ಬರಲೇ ಇಲ್ಲ. 1943ರ ಅಕ್ಟೋಬರಿನ ಒಂದು ರಾತ್ರಿ ಒಂದೇ ಒಂದು ಜಪಾನೀ ವಿಮಾನ ಬಂದು ಬಂದರಿನ ಕಡೆ ಕೆಲವು ಬಾಂಬುಗಳನ್ನು ಹಾಕಿ ಹೋಯಿತು, ಅಷ್ಟೆ.

ಇಷ್ಟನ್ನು ಬರೆದು ನಿಲ್ಲಿಸಿ ನೋಡಿದರೆ, ನಾನು ಹೇಳಿದುದರಲ್ಲಿ ಹಡಗಿದೆ, ಗುಂಡಿದೆ, ದಿನಾಂಕವಿದೆ, ಸಿಂಹಗಳಿವೆ, ಮನುಷ್ಯನೊಬ್ಬನಿಲ್ಲ. ತಪ್ಪು ನನ್ನೊಬ್ಬನದಲ್ಲ. ಆ ದಿನಗಳ ಪತ್ರಿಕೆಗಳು ರಕ್ಷಣಾ ಕಾಯಿದೆಯ ಕಣ್ಣಿನ ಕೆಳಗೆ ನಡೆಯುತ್ತಿದ್ದುವು. ಜನ ಎಷ್ಟು ಹೆದರಿದ್ದಾರೆಂಬುದನ್ನು ಬರೆಯುವುದೇ ಶತ್ರುವಿಗೆ ನೆರವಾದೀತೆಂಬ ಕಾಲ ಅದು. ಸುದ್ದಿಗಾರನಾದವನು ಅಂಕಿಗಳನ್ನು ಕೇಳಿ ಬರೆದುಕೊಂಡು ಹೋದನು. ಯಾವ ತಾಯಿ ಯಾವ ಪಾತ್ರೆಯನ್ನು ಮೂಟೆಗೆ ಸೇರಿಸಿದಳು, ಯಾವುದನ್ನು ಎತ್ತಿ ನೋಡಿ ಮತ್ತೆ ನೆಲದ ಮೇಲಿಟ್ಟಳು, ಬಾಗಿಲಿಗೆ ಬೀಗ ಹಾಕಿದವರು ಬೀಗದ ಕೈಯನ್ನು ಯಾರಿಗೆ ಕೊಟ್ಟು ಹೋದರು ಎಂದು ಕೇಳಲು ಅವನಿಗೆ ಪುರಸತ್ತಿರಲಿಲ್ಲ. ಕೇಳಬೇಕೆಂಬ ಅಭ್ಯಾಸವೂ ಆ ಕಸುಬಿನಲ್ಲಿ ಇನ್ನೂ ಬೆಳೆದಿರಲಿಲ್ಲ.

ಆ ಅಭ್ಯಾಸವನ್ನು ಬೆಳೆಸಿದ ಬರೆಹವೇ ಕನ್ನೆಮರದ ಮೇಜಿನ ಮೇಲೆ ನನ್ನ ಮುಂದಿದ್ದುದು: ಜಾನ್ ಹರ್ಸಿಯ ಹಿರೋಷಿಮಾ. ಹರ್ಸಿ ಹುಟ್ಟಿದ್ದು 1914ರಲ್ಲಿ, ಎಮ್ಡನ್ ಮದರಾಸಿಗೆ ಬಂದ ವರ್ಷದಲ್ಲಿಯೇ, ಚೀನಾದ ಟಿಯಾಂಜಿನ್ ನಗರದಲ್ಲಿ, ಅಮೆರಿಕದ ಪಾದ್ರಿ ದಂಪತಿಗಳ ಮಗನಾಗಿ. ಯುದ್ಧಕಾಲದಲ್ಲಿ ಬಾತ್ಮೀದಾರನಾಗಿ ರಣರಂಗಗಳನ್ನು ಸುತ್ತಿದವನು. ಕಾದಂಬರಿಕಾರನೂ ಹೌದು, ಇಟಲಿಯ ಒಂದು ಸಣ್ಣ ಊರನ್ನು ಕುರಿತ ಅವನ ಕಾದಂಬರಿಗೆ 1945ರಲ್ಲಿ ಪುಲಿಟ್ಜರ್ ಬಹುಮಾನ ಬಂದಿತ್ತು. 1945ರ ಆಗಸ್ಟ್ 6ರ ಬೆಳಿಗ್ಗೆ ಎಂಟೂಕಾಲಕ್ಕೆ ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ವಿಚಾರವಾಗಿ ಜಗತ್ತು ಅಲ್ಲಿಯವರೆಗೆ ಓದಿದುದು ಬಹಳ: ಅದರ ಶಕ್ತಿ ಇಷ್ಟು, ಅದರ ಮೋಡದ ಎತ್ತರ ಇಷ್ಟು, ನಾಶವಾದ ಚದರ ಮೈಲಿ ಇಷ್ಟು. ವಿಲ್ಫ್ರೆಡ್ ಬರ್ಚೆಟ್ ಎಂಬ ಆಸ್ಟ್ರೇಲಿಯದ ಪತ್ರಕರ್ತ ಒಂದು ತಿಂಗಳೊಳಗೆ ಅಲ್ಲಿಗೆ ಒಬ್ಬನೇ ಹೋಗಿ, ಗಾಯವಿಲ್ಲದವರೂ ಸಾಯುತ್ತಿರುವುದನ್ನು ಲಂಡನ್ನಿನ ಪತ್ರಿಕೆಗೆ ತಿಳಿಸಿದ್ದನು. ಅಧಿಕಾರಿಗಳು ಅದನ್ನು ಅಲ್ಲಗಳೆದರು. 1946ರಲ್ಲಿ ನ್ಯೂಯಾರ್ಕರ್ ಪತ್ರಿಕೆಯ ವಿಲಿಯಂ ಶಾನ್ ಎಂಬ ಸಂಪಾದಕ, ಕಟ್ಟಡಗಳಿಗೆ ಏನಾಯಿತೆಂಬುದನ್ನು ಎಲ್ಲರೂ ಬರೆದರು, ಮನುಷ್ಯರಿಗೆ ಏನಾಯಿತೆಂಬುದನ್ನು ಬರೆಯಬೇಕೆಂಬ ಉದ್ದೇಶದಿಂದ ಹರ್ಸಿಯನ್ನು ಪ್ರೇರಿಸಿದನು.

ಅದನ್ನು ಬರೆಯುವ ಬಗೆ ಹೇಗೆ? ಉತ್ತರ ಸಿಕ್ಕಿದುದು ರೋಗಶಯ್ಯೆಯಲ್ಲಿ. ಚೀನಾದ ಕರಾವಳಿಯಲ್ಲಿ ನೌಕೆಯೊಂದರ ಮೇಲೆ ಹರ್ಸಿ ಜ್ವರದಿಂದ ಮಲಗಿದ್ದಾಗ, ಓದಲೆಂದು ಕೈಗೆ ಬಂದ ಪುಸ್ತಕ ಥಾರ್ನ್‌ಟನ್ ವೈಲ್ಡರನ ಕಾದಂಬರಿ. ಪೆರು ದೇಶದಲ್ಲಿ ಒಂದು ತೂಗುಸೇತುವೆ ಹರಿದು ಬಿದ್ದು ಐವರು ಸತ್ತ ಕಥೆ. ಸೇತುವೆ ಮುರಿದುದು ಒಂದು ಕ್ಷಣ. ಆ ಕ್ಷಣಕ್ಕೆ ಐದು ಬೇರೆ ಬೇರೆ ದಾರಿಗಳಿಂದ ಐದು ಬಾಳುಗಳು ಬಂದು ಸೇರಿದ ಬಗೆಯೇ ಕಾದಂಬರಿ. ಹರ್ಸಿ ಆ ಚೌಕಟ್ಟನ್ನು ತನ್ನ ಕೆಲಸಕ್ಕೆ ತೆಗೆದುಕೊಂಡನು. ಹಿರೋಷಿಮಾಕ್ಕೆ ಹೋಗಿ, ಅನೇಕರನ್ನು ಕಂಡು ಮಾತನಾಡಿಸಿ, ಕೊನೆಗೆ ಆರು ಮಂದಿಯನ್ನು ಆರಿಸಿಕೊಂಡನು: ತವರದ ಕಾರ್ಖಾನೆಯ ಗುಮಾಸ್ತಗಿತ್ತಿ ತೋಷಿಕೊ ಸಸಾಕಿ, ವೈದ್ಯ ಫುಜಿಯಿ, ಇನ್ನೊಬ್ಬ ತರುಣ ವೈದ್ಯ ಸಸಾಕಿ, ಜರ್ಮನ್ ಪಾದ್ರಿ ಕ್ಲೈನ್‌ಸೋರ್ಗೆ, ಜಪಾನೀ ಪಾದ್ರಿ ತಾನಿಮೊತೊ, ಮತ್ತು ದರ್ಜಿಯೊಬ್ಬನ ವಿಧವೆ ಹತ್ಸುಯೊ ನಕಾಮುರಾ. ಆ ಎಂಟೂಕಾಲರ ಕ್ಷಣದಲ್ಲಿ ಈ ಆರು ಜನ ಎಲ್ಲೆಲ್ಲಿ, ಏನೇನು ಮಾಡುತ್ತಿದ್ದರೆಂಬಲ್ಲಿಂದ ಬರೆಹ ತೊಡಗುತ್ತದೆ. ಒಬ್ಬಳು ಪಕ್ಕದ ಮೇಜಿನ ಹುಡುಗಿಯ ಕಡೆ ಕತ್ತು ತಿರುಗಿಸಿದ್ದಳು, ಒಬ್ಬನು ಒಳ ಉಡುಪಿನಲ್ಲಿ ಜಗಲಿಯ ಮೇಲೆ ಕುಳಿತು ಪತ್ರಿಕೆ ಓದಲು ಹೊರಟಿದ್ದನು.

ಮೂವತ್ತೊಂದು ಸಾವಿರ ಮಾತುಗಳ ಆ ಬರೆಹ 1946ರ ಆಗಸ್ಟ್ 31ರ ಸಂಚಿಕೆಯಲ್ಲಿ ಬಂದಿತು. ಬೇರೆ ಯಾವ ಲೇಖನಕ್ಕೂ, ಪತ್ರಿಕೆಯ ಹೆಸರಾಂತ ವ್ಯಂಗ್ಯಚಿತ್ರಗಳಿಗೂ ಎಡೆಗೊಡದೆ ಇಡೀ ಸಂಚಿಕೆಯನ್ನೇ ಅದಕ್ಕೆ ಮೀಸಲಿಟ್ಟರು. ಪ್ರತಿಗಳು ಮಾರಾಟವಾಗಿ ಮುಗಿದುವು. ಐನ್‌ಸ್ಟೈನ್ ಸಾವಿರ ಪ್ರತಿ ಬೇಕೆಂದು ಕೇಳಿದನು. ರೇಡಿಯೋದಲ್ಲಿ ನಾಲ್ಕು ರಾತ್ರಿ, ಸಂಗೀತದ ಹಿನ್ನೆಲೆಯಿಲ್ಲದೆ, ಬರಿಯ ಕಂಠದಿಂದ ಅದನ್ನು ಓದಿಸಿದರು. ಹಿರೋಷಿಮಾದವರಿಗೇ ಅದು ಜಪಾನೀ ಭಾಷೆಯಲ್ಲಿ ದೊರೆತುದು ಮಾತ್ರ 1949ರಲ್ಲಿ.

ನಕಾಮುರಾಳ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ನನ್ನನ್ನು ಗ್ರಂಥಾಲಯದ ಕುರ್ಚಿಯಲ್ಲಿ ಬೆಚ್ಚಿ ಕೂರಿಸಿದವಳು ಆಕೆ. ಆಕೆಯ ಗಂಡ ದರ್ಜಿ. ಮನೆಯ ಬಂಡವಾಳವೆಲ್ಲ ಒಂದು ಹೊಲಿಗೆಯಂತ್ರ. ಕಿರಿಯ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಅವನನ್ನು ಸೇನೆಗೆ ಸೇರಿಸಿಕೊಂಡರು. ಬಹುಕಾಲ ಸುದ್ದಿಯಿರಲಿಲ್ಲ. 1942ರ ಮಾರ್ಚ್ 5ರಂದು ಒಂದು ತಂತಿ ಬಂದಿತು, ಅವನು ಸಿಂಗಪುರದಲ್ಲಿ ಸತ್ತನೆಂದು. ಸತ್ತ ದಿನ ಫೆಬ್ರವರಿ 15, ಸಿಂಗಪುರ ಬಿದ್ದ ದಿನವೇ, ಎಂದು ಆಮೇಲೆ ತಿಳಿಯಿತು. ಆ ಸಾಲನ್ನು ಓದಿ ನಾನು ಪುಸ್ತಕದಿಂದ ತಲೆಯೆತ್ತಿದೆನು. ಯಾವ ಸುದ್ದಿ ಮದರಾಸಿನ ಜನರ ಎದೆಯಲ್ಲಿ ಮೊದಲ ನಡುಕವನ್ನು ಹುಟ್ಟಿಸಿ, ಎರಡು ತಿಂಗಳೊಳಗೆ ಅವರನ್ನು ಮೂಟೆಗಳೊಡನೆ ಎಗ್ಮೋರಿಗೆ ಅಟ್ಟಿತೋ, ಯಾವುದನ್ನು ತನ್ನ ಸೇನೆಯ ಗೆಲವೆಂದು ಟೋಕಿಯೋ ಸಂಭ್ರಮಪಟ್ಟಿತೋ, ಅದೇ ದಿನ ಅದೇ ಗೆಲವಿನಲ್ಲಿ ಗೆದ್ದ ಪಕ್ಷದ ಒಬ್ಬ ದರ್ಜಿ ಬಿದ್ದಿದ್ದಾನೆ. ನಾವು ಯಾರಿಗೆ ಹೆದರಿ ಓಡಿದೆವೋ ಆ ಸೇನೆಯಲ್ಲಿದ್ದವನು ಮೂರು ಮಕ್ಕಳ ಈ ತಂದೆ. ಇಷ್ಟು ವರ್ಷ ನಾನು ಓದಿದ ಇತಿಹಾಸಗಳಲ್ಲಿ ಸಿಂಗಪುರದ ಪತನಕ್ಕೆ ಇಂಥದೊಂದು ಮುಖವಿದ್ದುದಿಲ್ಲ.

ವಿಧವೆ ಆ ಯಂತ್ರದಲ್ಲಿಯೇ ಹೊಲಿದು ಮಕ್ಕಳನ್ನು ಸಾಕಿದಳು. ಬಾಂಬು ಬಿದ್ದ ಬೆಳಿಗ್ಗೆ, ಮನೆ ಕುಸಿದು, ಮಕ್ಕಳನ್ನು ಹೆಂಚು ಮರಗಳ ರಾಶಿಯಿಂದ ಎಳೆದು ತೆಗೆದುಕೊಂಡ ಮೇಲೆ, ಓಡುವುದಕ್ಕೆ ಮುಂಚೆ ಆಕೆ ಮಾಡಿದ ಕೆಲಸವೊಂದುಂಟು: ಹೊಲಿಗೆಯಂತ್ರವನ್ನು ಮನೆಯ ಮುಂದಿನ ಸಿಮೆಂಟಿನ ನೀರಿನ ತೊಟ್ಟಿಯೊಳಗೆ ಇಳಿಬಿಟ್ಟಳು, ಬೆಂಕಿ ಅದನ್ನು ಸುಡದಿರಲೆಂದು. ಲಕ್ಷ ಜನ ಸತ್ತರೆಂಬ ಅಂಕಿಯ ಪಕ್ಕದಲ್ಲಿ ಈ ತೊಟ್ಟಿಯಿದೆ. ಅಂಕಿಯನ್ನು ಓದಿದವನು ತಲೆದೂಗಿ ಮುಂದಕ್ಕೆ ಹೋಗುತ್ತಾನೆ. ತೊಟ್ಟಿಯನ್ನು ಕಂಡವನು ಅಲ್ಲಿಯೇ ನಿಲ್ಲುತ್ತಾನೆ, ಏಕೆಂದರೆ ತನ್ನ ಮನೆಯಲ್ಲಿ ತಾನು ಯಾವ ವಸ್ತುವನ್ನು ನೀರಿಗಿಳಿಸುತ್ತಿದ್ದೆನೆಂದು ಅವನಿಗೆ ಕೂಡಲೆ ಗೊತ್ತಾಗುತ್ತದೆ. ಹರ್ಸಿ ಎಲ್ಲಿಯೂ ಕಣ್ಣೀರು ಸುರಿಸುವುದಿಲ್ಲ, ಯಾರನ್ನೂ ನಿಂದಿಸುವುದಿಲ್ಲ, ವಿಶೇಷಣಗಳನ್ನು ಕೈಬಿಗಿಹಿಡಿದು ಬಳಸುತ್ತಾನೆ. ಕರುಣೆಯೆಲ್ಲ ಆಯ್ಕೆಯಲ್ಲಿದೆ.

ಕನ್ನಡಿಗನಾದ ಓದುಗನಿಗೆ ಈ ಬಗೆ ಅಪರಿಚಿತವಲ್ಲ. ಭಾರತಯುದ್ಧದ ಬಾತ್ಮೀದಾರನು ಸಂಜಯ. ದಿವ್ಯದೃಷ್ಟಿಯಿಂದ ರಣರಂಗದ ಎಲ್ಲ ಮೂಲೆಗಳನ್ನೂ ಒಮ್ಮೆಗೇ ಕಂಡು ಕುರುಡ ಅರಸನಿಗೆ ಬಿತ್ತರಿಸಿದವನು. ಹದಿನೆಂಟು ಅಕ್ಷೌಹಿಣಿಯ ಆ ಸಂಹಾರವನ್ನು ಹತ್ತನೆಯ ಶತಮಾನದ ಕೊನೆಗೆ ನಮ್ಮ ರನ್ನನು ಹೇಳಲು ಹೊರಟಾಗ ಏನು ಮಾಡಿದನು? ಆ ಸಂಜಯನನ್ನು ಅರಮನೆಯಿಂದ ಇಳಿಸಿ ನೆಲದ ಮೇಲೆ, ರಕ್ತದ ಕೆಸರಿನಲ್ಲಿ, ದುರ್ಯೋಧನನ ಪಕ್ಕದಲ್ಲಿ ನಡೆಸಿದನು. ಗದಾಯುದ್ಧದ ಒಂದೇ ದಿನದೊಳಕ್ಕೆ, ಸಿಂಹಾವಲೋಕನ ಕ್ರಮದಿಂದ, ಹಿಂದಿನ ಭಾರತವೆಲ್ಲವನ್ನೂ ಅಳವಡಿಸಿದನು. ಸೋತ ಅರಸನು ಹೆಣಗಳ ನಡುವೆ ಎಡವುತ್ತ ಬರುತ್ತಾನೆ. ದ್ರೋಣನು ಕಾಣುತ್ತಾನೆ, ಶತ್ರುವಿನ ಮಗ ಅಭಿಮನ್ಯು ಕಾಣುತ್ತಾನೆ, ತನ್ನ ಮಗ ಲಕ್ಷಣಕುಮಾರ ಕಾಣುತ್ತಾನೆ. ದುಶ್ಶಾಸನನ ಮುಂದೆ ನಿಂತಾಗ ಅವನಿಗೆ ನೆನಪಾಗುವುದು ರಾಜ್ಯವೂ ಅಲ್ಲ, ಛಲವೂ ಅಲ್ಲ. ತಾಯಿಯ ಮೊಲೆಹಾಲನ್ನು ತಾನು ಮೊದಲು ಕುಡಿದೆ, ಆಮೇಲೆ ನೀನು ಕುಡಿದೆ, ಎಲ್ಲದರಲ್ಲಿಯೂ ನಡೆದುಬಂದ ಆ ಕ್ರಮ ಸಾವಿನಲ್ಲಿ ಮಾತ್ರ ತಪ್ಪಿ ನೀನೇ ಮುಂದಾದೆಯಲ್ಲ ಎಂಬ ಅಳಲು. ಅಕ್ಷೌಹಿಣಿಯ ಲೆಕ್ಕ ಅಲ್ಲಿ ಮರೆಯಾಗಿ, ಅಣ್ಣ ತಮ್ಮಂದಿರಿಬ್ಬರ ಹಾಲಿನ ಸರದಿ ಉಳಿಯುತ್ತದೆ. ಹರ್ಸಿಯು ನಕಾಮುರಾಳ ತೊಟ್ಟಿಯ ಮುಂದೆ ನಿಂತುದೂ ಹೀಗೆಯೇ ಎಂದು ನನಗೆ ತೋರುತ್ತದೆ.

ಭೇದವೊಂದುಂಟು, ಅದು ಸಣ್ಣದಲ್ಲ. ರನ್ನನಿಗೆ ಕಲ್ಪಿಸುವ ಸ್ವಾತಂತ್ರ್ಯವಿತ್ತು, ವರದಿಗಾರನಿಗೆ ಅದಿಲ್ಲ. ಕಾದಂಬರಿಯ ಕಣ್ಣು, ಕಾದಂಬರಿಯ ಕಟ್ಟಣೆ, ಒಬ್ಬನಿಂದ ಇನ್ನೊಬ್ಬನಿಗೆ ಹಾಯುವ ಕಾದಂಬರಿಯ ನಡಿಗೆ, ಇವೆಲ್ಲವನ್ನೂ ಅವನು ಎರವಾಗಿ ತರಬಹುದು, ನಡೆಯದುದನ್ನು ತರಕೂಡದು. ಹರ್ಸಿ 1980ರಲ್ಲಿ, ತನ್ನ ದಾರಿಯಲ್ಲಿ ಬಂದ ಕಿರಿಯರು ಕಂಡುದಕ್ಕೆ ಕಾಣದುದನ್ನು ಬೆರೆಸತೊಡಗಿದಾಗ, ಈ ನಿಯಮವನ್ನು ಕಟುವಾಗಿಯೇ ಹೇಳಿ ಒಂದು ಪ್ರಬಂಧ ಬರೆದನು. ನಮ್ಮ ನಿರಂಜನರ ಮುಂದೆಯೂ ಒಮ್ಮೆ ಈ ಕವಲು ಬಂದಿತ್ತು. ಅವರು ಪತ್ರಕರ್ತರು, ಹುಡುಗನಾಗಿ ನೀಲೇಶ್ವರದಲ್ಲಿ ಓದಿದವರು. ಅಲ್ಲಿಗೆ ಸಮೀಪದ ಕಯ್ಯೂರಿನಲ್ಲಿ, ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿನಲ್ಲಿ, 1941ರ ಮಾರ್ಚಿನಲ್ಲಿ ರೈತರು ದಂಗೆಯೆದ್ದು, ಅದರ ಫಲವಾಗಿ ನಾಲ್ವರು ತರುಣರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. 1955ರಲ್ಲಿ ನಿರಂಜನರು ಅದನ್ನು ಚಿರಸ್ಮರಣೆಯಾಗಿ ಬರೆದಾಗ, ಕಾದಂಬರಿಯೆಂದೇ ಹೆಸರಿಟ್ಟು, ಕಾದಂಬರಿಕಾರನ ಸ್ವಾತಂತ್ರ್ಯವನ್ನು ಹಗಲು ಬೆಳಕಿನಲ್ಲಿಯೇ ತೆಗೆದುಕೊಂಡರು. ಎರಡೂ ಪ್ರಾಮಾಣಿಕವಾದ ದಾರಿಗಳು. ಓದುಗನಿಗೆ ತಾನು ಯಾವುದರಲ್ಲಿ ನಡೆಯುತ್ತಿದ್ದೇನೆಂದು ಮೊದಲೇ ಗೊತ್ತಿರುತ್ತದೆ.

ಮದರಾಸಿನಲ್ಲಿ ಕಣ್ಣುಳ್ಳ ವರದಿಗಾರರೇ ಇರಲಿಲ್ಲವೆಂದು ನಾನು ಹೇಳಿದರೆ ಅಪಚಾರವಾದೀತು. ಮೌಂಟ್ ರಸ್ತೆಯ ಹಿಂದೂ ಪತ್ರಿಕೆಯ ಟಿ. ಜಿ. ನಾರಾಯಣನ್ ಬಂಗಾಳಕ್ಕೆ ಹೋಗಿ, ಅದೇ ಯುದ್ಧವು ತಂದಿಟ್ಟ 1943ರ ಕ್ಷಾಮವನ್ನು ಕಣ್ಣಾರೆ ಕಂಡು ಬರೆದರು. ಮರುವರ್ಷವೇ ಅವರು ಬರೆದ ಪುಸ್ತಕ ಕಲ್ಕತ್ತೆಯಲ್ಲಿ ಅಚ್ಚಾಯಿತು. ಸರ್ಕಾರ ನೇಮಿಸಿದ ಆಯೋಗವೇ ಹದಿನೈದು ಲಕ್ಷವೆಂದು ಒಪ್ಪಿದ, ಬೇರೆಯವರು ಮೂವತ್ತು ಲಕ್ಷದವರೆಗೂ ಎಣಿಸಿದ ಆ ಸಾವಿನ ನಾಡಿಗೆ ಮದರಾಸಿನಿಂದ ಒಬ್ಬ ಪತ್ರಕರ್ತ ಹೋದುದು ಆ ಊರಿಗೆ ಗೌರವ ತರುವ ಸಂಗತಿ. ತನ್ನ ಊರಿನ ವಲಸೆಗೆ ಮಾತ್ರ ಅಂತಹವನೊಬ್ಬ ಒದಗಲಿಲ್ಲ. ಸತ್ತವರು ಕಡಮೆ, ಆ ವರ್ಷ ಬಾಂಬು ಬೀಳಲಿಲ್ಲ, ಓಡಿದವರು ಬಹುಮಂದಿ ತಿರುಗಿ ಬಂದರು ಎಂಬ ಕಾರಣದಿಂದಲೋ ಏನೋ, ಅದನ್ನು ವಿಪತ್ತೆಂದು ಯಾರೂ ಎಣಿಸಲಿಲ್ಲ. ಆದರೆ ಮನೆ ಬಿಟ್ಟು ಹೊರಡುವ ಗಳಿಗೆಯಲ್ಲಿ, ಬಾಂಬು ಬಿದ್ದೀತೋ ಬೀಳದೋ ಎಂಬುದು ಹೊರಟವರಿಗೆ ಗೊತ್ತಿರಲಿಲ್ಲವಷ್ಟೆ. ಅವರ ಭಯ ಪೂರ್ಣಭಯ; ಅವರ ಬೀಳ್ಕೊಡುಗೆಗಳು ನಿಜವಾದ ಬೀಳ್ಕೊಡುಗೆಗಳು.

ಗ್ರಂಥಾಲಯದಿಂದ ಹೊರಬಿದ್ದು, ಪ್ಯಾಂಥಿಯನ್ ರಸ್ತೆಯ ಮರಗಳ ಕೆಳಗೆ ನಡೆದು, ಸಂಜೆಯ ಹೊತ್ತಿಗೆ ನಿಲ್ದಾಣವನ್ನು ಮುಟ್ಟಿದೆನು. ಕೆಂಪು ಗೋಡೆಯ ಮೇಲೆ ದೀಪಗಳು ಹತ್ತುತ್ತಿದ್ದುವು. ಆ ಏಪ್ರಿಲಿನ ಒಂದು ಸಂಸಾರವನ್ನಾದರೂ ಅಲ್ಲಿ ನಿಲ್ಲಿಸಿ ನೋಡೋಣವೆಂದು ಮನಸ್ಸು ಎಳೆಯಿತು. ಅಜ್ಜಿಯೊಬ್ಬಳು, ಹಿತ್ತಾಳೆಯ ಕೊಡವೊಂದು, ಕೈಬಿಟ್ಟ ಮಗುವೊಂದು. ಕಲ್ಪಿಸುವುದು ಸುಲಭ. ಕೇಳಿ ತಿಳಿದುದಲ್ಲವಾದುದರಿಂದ ಅದನ್ನು ಕೈಬಿಟ್ಟು, ನಿಜವಾಗಿ ನಡೆದುದೆಂದು ನನಗೆ ಗೊತ್ತಿದ್ದ ಒಂದೇ ಮೂಟೆಯನ್ನು ನೆನೆಯುತ್ತ ನಿಂತೆನು. ನಕಾಮುರಾ ತೊಟ್ಟಿಯಲ್ಲಿಳಿಸಿದ ಯಂತ್ರ ಮತ್ತೆ ಸಿಕ್ಕಿತು, ತುಕ್ಕು ಹಿಡಿದು. ಆಕೆ ಅದನ್ನು ರಿಪೇರಿ ಮಾಡಿಸಿ ಹೊಲಿಯಲು ಕುಳಿತಳು. ಆದರೆ ಆ ಬೆಳಗಿನ ವಿಷ ಮೈಯಲ್ಲಿ ಉಳಿದು ಆಕೆಯನ್ನು ಮತ್ತೆ ಮತ್ತೆ ಹಾಸಿಗೆಗೆ ಹಾಕಿತು. ನಲವತ್ತು ವರ್ಷಗಳ ಮೇಲೆ, 1985ರಲ್ಲಿ, ಹರ್ಸಿ ತನ್ನ ಆರು ಜನರ ಮುಂದಿನ ಬಾಳನ್ನು ಕುರಿತು ಮತ್ತೆ ಬರೆದಾಗ ಅದನ್ನೂ ದಾಖಲುಮಾಡಿದ್ದಾನೆ: ವೈದ್ಯನಿಗೆ ಕೊಡಬೇಕಾದ ಹಣಕ್ಕಾಗಿ ಆಕೆ ಗಂಡನ ಆ ಹೊಲಿಗೆಯಂತ್ರವನ್ನು ಮಾರಿದಳು, ತನ್ನ ಬಾಳಿನಲ್ಲಿ ಅದಕ್ಕಿಂತ ಕೆಳಗಿನ, ಅದಕ್ಕಿಂತ ದುಃಖದ ಗಳಿಗೆ ಇನ್ನೊಂದಿಲ್ಲವೆಂದು ಆಮೇಲೆ ನೆನೆದುಕೊಂಡಳು.